ಪಂಚಾಂಗದಲ್ಲಿಲ್ಲದ ಅರವತ್ತೈದು

ಚಿಕ್ಕಮುನಿಯಪ್ಪನಿಗೆ ಅರವತ್ತು ತುಂಬಿತೆಂದು ಹೇಳಲು ಡಾಕ್ಟರೂ ಬೇಕಿರಲಿಲ್ಲ, ಗುಮಾಸ್ತನೂ ಬೇಕಿರಲಿಲ್ಲ. ಅವನು ಹುಟ್ಟಿದ್ದು ಧಾತು ಸಂವತ್ಸರದಲ್ಲಿ. ಸಾವಿರದ ಒಂಬೈನೂರ ಮೂವತ್ತಾರರ ಯುಗಾದಿಯ ದಿನ ಕಾರಿಗುಡ್ಡದ ಗುಡಿಯ ಮುಂದೆ ಅಯ್ಯನವರು ಪಂಚಾಂಗ ಬಿಚ್ಚಿ, ಈ ವರ್ಷದ ಹೆಸರು ಧಾತು ಎಂದು ಓದಿದರು. ಅಷ್ಟೇ. ಸಂವತ್ಸರಗಳ ಅರವತ್ತು ಹೆಸರೂ ಒಂದು ಸುತ್ತು ಮುಗಿಸಿ, ಅವನು ಹುಟ್ಟಿದ ಹೆಸರಿಗೇ ತಿರುಗಿ ಬಂದಿದ್ದವು. ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು ಹೇಳಿ? ಆದರೂ ಬೇಕಂತೆ. ಅರಮನೆಯ ಕಚೇರಿಗೆ ಬೇಕಂತೆ.

ಧಾತು ವರ್ಷ ಎಂದರೆ ಆ ಸೀಮೆಯ ಹಳಬರು ಮಾತು ನಿಲ್ಲಿಸಿಬಿಡುತ್ತಿದ್ದರು. ಅಂಥ ಬರ. ಚಿಕ್ಕಮುನಿಯಪ್ಪನ ತಾಯಿ ತುಂಬು ಬಸುರಿ. ಪೆನ್ನಾಗರದ ಕಾಡಂಚಿನ ಹಳ್ಳಿಯಿಂದ ನಡೆದುಕೊಂಡು ಬಂದು, ಕಾರಿಗುಡ್ಡದಲ್ಲಿ ಹಾಕಿದ್ದ ಗಂಜಿ ಚಪ್ಪರದಲ್ಲಿ ತಟ್ಟೆ ಹಿಡಿದು ನಿಂತಿದ್ದಾಗಲೇ ನೋವು ಶುರುವಾಗಿ ಅಲ್ಲೇ ಹೆತ್ತಳು. ಚಪ್ಪರ ಹಾಕಿಸಿದವರು ಮಿಟ್ಟಾದಾರರು. ಮಿಟ್ಟಾ ಎಂದರೆ ಸರ್ಕಾರಕ್ಕೆ ವರ್ಷಕ್ಕಿಷ್ಟು ಎಂದು ಕಟ್ಟಿ ಹತ್ತಾರು ಹಳ್ಳಿಯ ನೆಲ ಆಳುವ ಮನೆತನ. ಅವರ ಹೆಂಚಿನ ಮನೆಯನ್ನು ಜನ ಅರಮನೆ ಎನ್ನುತ್ತಿದ್ದರು. ಆ ಕಾಲದ ದೊಡ್ಡ ದೊರೆ ಚಪ್ಪರದಲ್ಲಿ ನಿಂತು ಒಂದು ಮಾತು ಕೊಟ್ಟಿದ್ದರು. ಇಲ್ಲಿ ಹುಟ್ಟಿದ ಮಕ್ಕಳು ಅರಮನೆಯ ಮಕ್ಕಳು. ಅರಮನೆಗೆ ಒಂದು ಸುತ್ತು ದುಡಿಯಲಿ, ಸುತ್ತು ಮುಗಿದ ಮೇಲೆ ಸಾಯುವ ತನಕ ಕೂತು ಅರೆಪಡಿ ಉಣ್ಣಲಿ. ದುಡಿಯುವಾಗ ದಿನಕ್ಕೊಂದು ಪಡಿ ರಾಗಿ, ಸುತ್ತು ಮುಗಿದ ಮೇಲೆ ಅದರರ್ಧ. ಸುತ್ತು ಎಂದರೆ ಅರವತ್ತು ವರ್ಷ ಎಂದು ಎಳೆ ಮಗುವಿಗೂ ಗೊತ್ತಿತ್ತು.

ಚಪ್ಪರದ ಮಕ್ಕಳಲ್ಲಿ ಈಗ ಉಳಿದವರು ಏಳು ಜನ. ಆರು ಜನಕ್ಕೆ ನೆಲದ ಮೇಲಿನ ಕೆಲಸ. ಚಿಕ್ಕಮುನಿಯಪ್ಪನದು ನೀರೊಳಗಿನದು.

ಅವನು ನೀರಗಂಟಿ. ಊರ ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವವನು, ಸಾಕಾದಾಗ ನಿಲ್ಲಿಸುವವನು. ಕೆರೆಯ ತಳದಲ್ಲಿ ಒಂದು ಕಲ್ಲು ಚಪ್ಪಡಿ, ಚಪ್ಪಡಿಯಲ್ಲಿ ಒಂದು ತೂತು, ಅದೇ ತೂಬು. ತೂತಿಗೊಂದು ಮರದ ಗೂಟ. ಮೊದಲು ಆ ಗೂಟಕ್ಕೆ ಉದ್ದದ ಕಂಬವಿತ್ತು. ಮೇಲೆ ನಿಂತು ಎಳೆದರೆ ಸಾಕಾಗಿತ್ತು. ಕಂಬ ಮುರಿದು ಇಪ್ಪತ್ತು ವರ್ಷವಾಗಿತ್ತು. ಮಾಡಿಸಿಕೊಡಿ ಎಂದಾಗಲೆಲ್ಲ ಕಚೇರಿಯವರು, ಮುನಿಯಪ್ಪ ಇದ್ದಾನಲ್ಲ ಎನ್ನುತ್ತಿದ್ದರು. ಮುನಿಯಪ್ಪ ಇದ್ದ, ನಿಜ. ಕೆರೆ ತುಂಬಿದಾಗ ಮೂರಾಳು ನೀರಿನಲ್ಲಿ ಮುಳುಗಿ ಗೂಟ ಕೀಳುತ್ತಿದ್ದ, ಮತ್ತೆ ಮುಳುಗಿ ಜಡಿಯುತ್ತಿದ್ದ. ಕೀಳುವುದು ಹೇಗೋ ಆದೀತು. ಜಡಿಯುವುದಿದೆಯಲ್ಲ, ಅದು ಯಮನ ಕೈ ಕುಲುಕಿ ಬರುವ ಕೆಲಸ. ಹರಿಯುವ ನೀರು ಗೂಟವನ್ನೂ ಸೆಳೆಯುತ್ತದೆ, ಕೈಯನ್ನೂ ಸೆಳೆಯುತ್ತದೆ. ಗೂಟ ಕೂರುವ ಗಳಿಗೆಗೆ ಸರಿಯಾಗಿ ಕೈ ತೆಗೆಯಬೇಕು. ಅವನಿಗೆ ಈ ಕೆಲಸ ಕಲಿಸಿದ ಸೋದರಮಾವ, ಕಂಬ ಮುರಿದ ಹೊಸತರಲ್ಲಿ, ಹಾಗೆ ಕೈ ತೆಗೆಯದೆ ಐವತ್ತೆಂಟಕ್ಕೇ ಕೆರೆಯಲ್ಲಿ ಉಳಿದಿದ್ದ.

ಚಿಕ್ಕಮುನಿಯಪ್ಪನ ಎಡಗಿವಿ ಐದು ವರ್ಷದ ಹಿಂದೆಯೇ ಹೋಗಿತ್ತು. ತಳದಲ್ಲಿ ಪಟ್ಟೆಂದಿತು, ಮೇಲೆ ಬರುವಷ್ಟರಲ್ಲಿ ರಕ್ತ. ನಾಟಿ ವೈದ್ಯ ಬಲಗಿವಿಯನ್ನೂ ನೋಡಿ, ಇದೂ ತೆಳುವಾಗಿದೆ, ಇನ್ನು ಆಳಕ್ಕೆ ಇಳಿಯಬೇಡ ಎಂದಿದ್ದ. ಇಳಿಯಬೇಡ ಎಂದರೆ ಪಡಿ ಯಾರು ಕೊಡುತ್ತಾರೆ? ಆ ಯುಗಾದಿಯನ್ನು ಅವನೂ ಅವನ ಹೆಂಡತಿ ಸೊಣ್ಣಮ್ಮನೂ ಬೆರಳೆಣಿಸುತ್ತ ಕಾದದ್ದು ಅದಕ್ಕೇ. ಧಾತು ಬಂದರೆ ಮುಳುಗುವುದು ತಪ್ಪಿತು, ಒಂದು ಕಿವಿಯಾದರೂ ಉಳಿಯಿತು.

ಬಂತು ಧಾತು. ಪಂಚಾಂಗ ಮುಚ್ಚಿದರೋ ಇಲ್ಲವೋ, ಡಂಗೂರದವನು ಬಂದು ತಮಟೆ ಬಡಿದ. ಇನ್ನು ಮುಂದೆ ಅರಮನೆಯ ಆಳುಗಳು ಅರವತ್ತೈದು ತುಂಬುವ ತನಕ ದುಡಿಯತಕ್ಕದ್ದು. ಆಮೇಲೆ ಸಿಗುವುದು ಅರೆಪಡಿಯಲ್ಲ, ಕಾಲುಪಡಿ. ಬೇವು ಬೆಲ್ಲ ಬಾಯಲ್ಲಿಟ್ಟುಕೊಂಡಿದ್ದ ಜನ ಹಾಗೇ ನಿಂತರು. ಆ ಏಳು ಜನರಲ್ಲಿ ಒಬ್ಬಳಾದ, ಅರಮನೆಯಲ್ಲಿ ಮೂವತ್ತು ವರ್ಷ ಭತ್ತ ಕುಟ್ಟಿ ಎರಡು ರಟ್ಟೆಯ ಬಲವನ್ನೂ ಕಳೆದುಕೊಂಡಿದ್ದ ಅಂಜಮ್ಮ ತಮಟೆಯವನನ್ನೇ ತಡೆದು ಕೇಳಿದಳು.

“ಕಾಲುಪಡಿ ಅಂದ್ರೆ ಏನ್ಲಾ? ಅದು ನಮ್ಗಾ, ನಮ್ಮನೆ ಕೋಳಿಗಾ?”

“ನನ್ನ ಯಾಕೆ ಕೇಳ್ತೀಯಮ್ಮಾ, ನಂಗೂ ಅಷ್ಟೇ!” ಎಂದು ಅವನು ಮುಖ ಹುಳ್ಳಗೆ ಮಾಡಿಕೊಂಡು ಮುಂದಿನ ಬೀದಿಗೆ ಹೋದ.

ಮಾರನೆಯ ದಿನ ಏಳೂ ಜನ ಕಚೇರಿಗೆ ಹೋದರು. ದೊಡ್ಡ ದೊರೆಯ ಮೊಮ್ಮಗ ಈಗ ದೊರೆ. ಮೂವತ್ತರ ಹುಡುಗ, ಸೇಲಂ ಪಟ್ಟಣದಲ್ಲೇ ವಾಸ. ಇಲ್ಲಿ ಎಲ್ಲವೂ ಮ್ಯಾನೇಜರ್ ಪಳನಿಯಪ್ಪನ್ ಕೈಯಲ್ಲಿ. ಬಿಸಿಲಲ್ಲೂ ಕೋಟು ತೆಗೆಯದ ಮನುಷ್ಯ. ತಮಿಳೇ ಮನೆಮಾತಾದರೂ ಜನರನ್ನು ಗದರಲು ಬೇಕಾದಷ್ಟು ಕನ್ನಡ ಕಲಿತಿದ್ದ.

“ಎನ್ನಯ್ಯಾ, ಯಾರಿಗೆ ಅರವತ್ತು?” ಅವನು ದಫ್ತರದ ಹಾಳೆ ತಿರುವಿದ. “ಪುಸ್ತಕದಲ್ಲಿ ನಿನಗೆ ಐವತ್ತಾರು. ಇನ್ನೂ ಒಂಬತ್ತು ವರ್ಷ ಇದೆ, ಪೋ.”

ನಾಲ್ಕು ವರ್ಷ ಎಲ್ಲಿ ಹೋಯಿತೆಂದು ಚಿಕ್ಕಮುನಿಯಪ್ಪ ಬೆರಳೆಣಿಸಿದ. ಆಮೇಲೆ ಹೊಳೆಯಿತು, ಇದು ಅವ್ವನ ಕೆಲಸ. ಮೂರು ಮಕ್ಕಳನ್ನು ಮಣ್ಣು ಮಾಡಿ ಹೆತ್ತವಳು. ಉಳಿದ ಒಬ್ಬ ಮಗನ ವಯಸ್ಸನ್ನು ಯಾರಾದರೂ ಕೇಳಿದರೆ ದೃಷ್ಟಿ ತಾಗೀತೆಂದು ನಾಲ್ಕು ವರ್ಷ ನುಂಗಿಯೇ ಹೇಳುತ್ತಿದ್ದಳು. ಆ ಕೇರಿಯಲ್ಲಿ ಯಾವ ತಾಯಿ ತಾನೆ ಗಂಡುಮಗುವಿನ ವಯಸ್ಸನ್ನು ಪೂರ್ತಿ ಹೇಳಿದ್ದಳು? ಗುಮಾಸ್ತ ಕೇಳಿದಾಗಲೂ ಹಾಗೇ ಹೇಳಿದ್ದಳು. ಪಾಪ, ಮಗನ ಆಯಸ್ಸು ಉಳಿಸಲು ಹೇಳಿದ ಸುಳ್ಳು ಮಗನ ಕುತ್ತಿಗೆಗೇ ಬಂದಿತ್ತು.

“ಸಾಮಿ, ನಾನು ಉಟ್ಟಿದ್ದು ಎಲ್ಲಿ ಅಂತ ಬರ್ದೈತೆ ಅದ್ರಾಗೆ?” ಎಂದು ಕೇಳಿದ.

“ಗಂಜಿ ಚಪ್ಪರ ಅಂತ ಇದೆ.”

“ಆ ಚಪ್ಪರ ಎಸ್ಟು ವರ್ಸ ಇತ್ತು?”

ಮ್ಯಾನೇಜರ್ ಮತ್ತೆ ಹಾಳೆ ತಿರುವಿದ. ಮೂಲೆಯಲ್ಲಿದ್ದ ಮುದಿ ಗುಮಾಸ್ತ, ಎರಡೇ ವರ್ಷ ಎಂದುಬಿಟ್ಟ.

“ಅಂಗಾರೆ ಚಪ್ಪರ ಕಿತ್ತಾಕಿ ಎಲ್ಡು ವರ್ಸ ಆದ್ಮ್ಯಾಲೆ ಅದ್ರಾಗೆ ಎಂಗೆ ಉಟ್ದೆ ನಾನು? ನೀವೇ ಯೋಳಿ ಸಾಮಿ.”

ಹಿಂದೆ ನಿಂತವರು ಕಿಸಕ್ಕನೆ ನಕ್ಕರು. ಪಳನಿಯಪ್ಪನ್‌ಗೆ ಪಿತ್ತ ನೆತ್ತಿಗೇರಿತು. ದಫ್ತರ ಮುಚ್ಚಿ, “ಸರಿ, ಅರವತ್ತೇ ಇಟ್ಕೋ. ಕಾನೂನು ಈಗ ಅರವತ್ತೈದು. ದವಸದ ಧಾರಣೆ ಬಿದ್ದುಹೋಗಿದೆ, ಅರಮನೆಗೂ ಕಷ್ಟ ಇದೆ. ಜನಕ್ಕೆ ಈಗ ಆಯಸ್ಸೂ ಜಾಸ್ತಿ. ಸೇಲಂನಲ್ಲಿ ಅರವತ್ತೈದರ ವಕೀಲರು ಕೋರ್ಟಲ್ಲಿ ನಿಂತು ವಾದ ಮಾಡ್ತಾರೆ, ತೆರಿಯುಮಾ, ಗೊತ್ತಾ?” ಎಂದ.

“ನೀರೊಳಗೆ ನಿಂತ್ಕೊಂಡಾ ಸಾಮಿ?” ಎಂದ ಚಿಕ್ಕಮುನಿಯಪ್ಪ. “ದೊಡ್ಡ ದೊರೆ ಕೊಟ್ಟಿದ್ದು ಒಂದು ಸುತ್ತಿನ ಮಾತು. ಪಂಚಾಂಗದಾಗೆ ಇರೋದೇ ಅರವತ್ತು ಎಸ್ರು. ಅರವತ್ತೈದನೇ ವರ್ಸಕ್ಕೆ ನೀವೇ ಒಂದು ಎಸ್ರು ಇಟ್ಟು ಕೊಡಿ, ಆ ವರ್ಸ ಬಂದಾಗ ನಾನು ಮುಳುಗ್ತೀನಿ.”

ಮಾತು ಚೆನ್ನಾಗಿತ್ತು. ಆದರೆ ಚೆನ್ನಾದ ಮಾತಿಗೆ ಯಾವ ಕಚೇರಿ ಸೋತಿದೆ? ಜವಾನ ಅವರನ್ನು ಹೊರಗೆ ಅಟ್ಟಿದ. ದೊರೆಗೆ ಅರ್ಜಿ ಬರೆಸಿ ಸೇಲಂಗೆ ಕಳಿಸಿದರು. ಜಪ್ಪಯ್ಯ ಎಂದರೂ ಉತ್ತರವಿಲ್ಲ. ಚೈತ್ರ ಹೋಯಿತು, ಆಷಾಢ ಹೋಯಿತು. ಕಾರಿಗುಡ್ಡದ ಕಟ್ಟೆಯ ಮೇಲೆ, ಗಾಣದ ಮನೆಯಲ್ಲಿ, ಸಂತೆಯಲ್ಲಿ ಇದೇ ಮಾತು, ಇದೇ ಬೈಗುಳ. ಅರಮನೆಯ ಆಳಲ್ಲದವನಿಗೂ ಆಳಾಗಿದ್ದ ಅಪ್ಪನೋ ಅತ್ತೆಯೋ ಇದ್ದೇ ಇರುತ್ತಿದ್ದರು. ಎಲ್ಲರ ಹೊಟ್ಟೆಯೂ ಉರಿಯುತ್ತಿತ್ತು, ಯಾರಿಗೂ ಏನು ಮಾಡಬೇಕೆಂದು ತೋಚುತ್ತಿರಲಿಲ್ಲ.

ದೀಪಾವಳಿಯ ಹೊತ್ತಿನ ಐಪ್ಪಸಿ ಮಳೆ ಹೊಡೆದು ಕೆರೆ ಕೋಡಿಯ ಮಟ್ಟಕ್ಕೆ ಬಂತು. ಕೆರೆಯ ಕೆಳಗೆ ಮೊದಲು ಬರುವುದು ಅರಮನೆಯ ಸ್ವಂತ ಗದ್ದೆ, ಅದರಾಚೆ ರೈತರದು. ನಾಟಿಗೆ ಪೈರು ಸಿದ್ಧವಾಗಿತ್ತು. ನಾಳೆ ತೂಬೆತ್ತು ಎಂದು ಮ್ಯಾನೇಜರ್ ಹೇಳಿ ಕಳಿಸಿದ.

ಬೆಳಿಗ್ಗೆ ಮುದ್ದೆ ಇಟ್ಟ ಸೊಣ್ಣಮ್ಮ ಎದುರಿಗೇ ಕೂತಳು. “ಒಂದು ಕಿವಿ ಕೊಟ್ಟಾಯ್ತು. ಇನ್ನೊಂದ್ನೂ ಕೊಟ್ಬುಟ್ಟು ಬರ್ತೀಯಾ? ಓಗ್ಬ್ಯಾಡ ಅಂದ್ರೆ ಓಗ್ಬ್ಯಾಡ.”

“ಓಗ್ದಿದ್ರೆ ಪೈರು ಒಣಗ್ತೈತಲ್ಲೇ. ರೈತ್ರು ಏನು ತಪ್ಪು ಮಾಡವ್ರೆ?”

“ಓದ್ರೆ? ಇವತ್ತು ಓದೆ, ಮುಂದಿನ ವರ್ಸನೂ ಓಗು ಅಂತಾರೆ. ಅರವತ್ತೈದು ಆದ್ಮ್ಯಾಲೆ ಎಪ್ಪತ್ತು ಅಂತಾರೆ.”

ಅದೂ ನಿಜವೇ. ಚಿಕ್ಕಮುನಿಯಪ್ಪ ಮುದ್ದೆಯನ್ನು ಮುರಿಯದೆ ಕೂತ. ಮುಳುಗದಿದ್ದರೆ ಊರಿನ ಬಾಯಿಗೆ ಮಣ್ಣು, ಮುಳುಗಿದರೆ ತನ್ನ ಬಾಯಿಗೆ. ಬಹಳ ಹೊತ್ತಿನ ಮೇಲೆ ಮೂಲೆಯಲ್ಲಿದ್ದ ಹಗ್ಗದ ಮೇಲೆ ಅವನ ಕಣ್ಣು ಬಿತ್ತು. ಗಬಗಬನೆ ಉಂಡು, ಅದನ್ನು ಹೆಗಲಿಗೆ ಹಾಕಿಕೊಂಡು ಹೊರಟ. ಸೊಣ್ಣಮ್ಮ ಬಾಯಿಗೆ ಬಂದಂತೆ ಬೈಯುತ್ತ ಅವನ ಹಿಂದೆಯೇ ಕೆರೆಯ ಏರಿಗೆ ಬಂದಳು.

ಏರಿಯ ಮೇಲೆ ಪಳನಿಯಪ್ಪನ್ ಕೊಡೆ ಹಿಡಿದು ನಿಂತಿದ್ದ. ಚಿಕ್ಕಮುನಿಯಪ್ಪ ಈಜಿ ಹೋಗಿ ಮುಳುಗಿದ. ಬಲಗಿವಿಯಲ್ಲಿ ನೋವು ಸೂಜಿ ಚುಚ್ಚಿದಂತೆ ಏರಿತು. ಹಲ್ಲು ಕಚ್ಚಿ ಗೂಟ ಕಿತ್ತ. ತೂಬಿನಾಚೆ ಕಾಲುವೆಯಲ್ಲಿ ನೀರು ಬುಸುಗುಟ್ಟಿತು, ರೈತರು ಹೋ ಎಂದರು. ಎಂದಿನಂತಾದರೆ ಗೂಟವನ್ನು ತಳದಲ್ಲೇ ಚಪ್ಪಡಿಯ ಪಕ್ಕ ಒರಗಿಸಿ ಬರಬೇಕು. ಅವತ್ತು ಅವನು ಅದಕ್ಕೆ ಹಗ್ಗ ಬಿಗಿದು, ಎಳೆದುಕೊಂಡು ದಡಕ್ಕೆ ತಂದ. ನೀರು ಕುಡಿದು ಕಪ್ಪಾದ ಜಾಲಿಮರದ ತುಂಡು, ಒಂದು ಕೂಸಿನಷ್ಟು ಭಾರ. ಅದನ್ನು ಹೆಗಲ ಮೇಲಿಟ್ಟುಕೊಂಡು ಮ್ಯಾನೇಜರ್ ಮುಂದೆ ನಿಂತ.

“ಎತ್ತು ಅಂದ್ರಿ, ಎತ್ತಿದ್ದೀನಿ. ಊರಿಗೆ ನಾನು ಕೊಡ್ಬೇಕಾಗಿದ್ದ ಕೊನೇ ಮುಳುಗು ಇದು. ನಂಗೆ ಅರವತ್ತಾಗೈತೆ. ಮುಚ್ಚೋಕೆ ಬ್ಯಾರೆ ಯಾರ್ನಾದ್ರೂ ನೋಡ್ಕಳಿ.”

ಗೂಟವನ್ನು ಮನೆಗೆ ಹೊತ್ತುಕೊಂಡು ಹೋಗಿ, ಹೊಸ್ತಿಲ ಪಕ್ಕ ಇಟ್ಟು, ಅದರ ಮೇಲೆ ಕೂತ. ಸೊಣ್ಣಮ್ಮನ ಬೈಗುಳ ಅರ್ಧಕ್ಕೇ ನಿಂತುಹೋಯಿತು. ಗಂಡನನ್ನು ಹೊಸದಾಗಿ ನೋಡುವವಳಂತೆ ನೋಡಿ, ಒಳಗೆ ಹೋಗಿ ಮಜ್ಜಿಗೆ ತಂದಳು.

ಮೊದಲ ಮೂರು ದಿನ ಯಾರಿಗೂ ತೊಂದರೆಯಿಲ್ಲ. ನಾಟಿಗೆ ನೀರು ಬೇಕಿತ್ತು. ನಾಲ್ಕನೆಯ ದಿನ ನಿಲ್ಲಿಸಬೇಕು. ನಿಲ್ಲಿಸುವವರಾರು? ಪಳನಿಯಪ್ಪನ್ ಹೊಗೇನಕಲ್ಲಿನಿಂದ ಕಾವೇರಿ ಈಜುವ ಇಬ್ಬರನ್ನು ಕರೆಸಿದ. ಒಬ್ಬ ಮುಳುಗಿ ಬಂದು, ಸಾಮಿ, ಒಳಗೆ ಏನೋ ಕಾಲು ಹಿಡಿದು ಎಳೀತದೆ ಎಂದು ಕಾಲು ಕಿತ್ತ. ಇನ್ನೊಬ್ಬ ಇಳಿಯಲೇ ಇಲ್ಲ. ಬಡಗಿ ಹೊಸ ಗೂಟ ಕೆತ್ತಿದ, ಅದು ತೂತಿಗೆ ಕೂರಲಿಲ್ಲ. ಹುಲ್ಲಿನ ಪಿಂಡಿ, ಮಣ್ಣಿನ ಮೂಟೆ, ಎಲ್ಲವನ್ನೂ ತೂಬು ನುಂಗಿತು. ಪೆನ್ನಾಗರದಿಂದ ಬಂದ ಪೊಲೀಸಿನವನು ಎಲ್ಲ ಕೇಳಿ, ಎತ್ತು ಅಂದದ್ದು ನೀವೇ, ಎತ್ತಿದ್ದಾನೆ. ಇದಕ್ಕೆ ಏನಂತ ಕೇಸು ಹಾಕಲಿ ಎಂದು ಎಳನೀರು ಕುಡಿದು ಹೋದ.

ಕೆರೆ ಇಳಿಯುತ್ತಿತ್ತು. ಬೇಸಗೆಯ ಬೆಳೆಯ ನೀರು ಹಳ್ಳಕ್ಕೆ ಸೇರುತ್ತಿತ್ತು, ಅರಮನೆಯದೂ ರೈತರದೂ. ಐದನೆಯ ದಿನ ರೈತರ ಯಜಮಾನ ಅಣ್ಣಯ್ಯಪ್ಪ ನಲವತ್ತು ಜನರನ್ನು ಕಟ್ಟಿಕೊಂಡು ಚಿಕ್ಕಮುನಿಯಪ್ಪನ ಬಾಗಿಲಿಗೆ ಬಂದ.

“ಏನ್ಲಾ ಮುನಿಯ, ನಮ್ ನೀರು ಓಗ್ತಾ ಐತಲ್ಲಲಾ! ನಿನ್ ಜಗ್ಳ ಅರಮನೆ ತಾವ, ನಮ್ ಒಟ್ಟೆ ಮ್ಯಾಲೆ ಯಾಕೆ ಒಡೀತೀಯಾ?”

ಚಿಕ್ಕಮುನಿಯಪ್ಪ ಬಲಗಿವಿಯನ್ನು ಅವನ ಕಡೆ ತಿರುಗಿಸಿ ಕೇಳಿದ. ಐದು ದಿನದಿಂದ ಅವನೂ ನಿದ್ದೆ ಕಂಡಿರಲಿಲ್ಲ. ತಾನು ಕಾಪಾಡಿಕೊಂಡು ಬಂದ ನೀರು ತನ್ನಿಂದಲೇ ಹಾಳಾಗುವುದನ್ನು ನೋಡುವುದೆಂದರೆ ಸುಮ್ಮನೆ ಮಾತಲ್ಲ.

“ಓಗ್ತಾ ಐತಣ್ಣಾ. ಕರುಳು ಕಿತ್ತು ಬರ್ತೈತೆ ನಂಗೆ. ನಲ್ವತ್ತು ವರ್ಸ ನಿಮ್ ಗದ್ದೆಗೆ ನೀರು ಬುಟ್ಟೋನು ನಾನು. ನಾಳೆ ಅರವತ್ತೆಲ್ಡಕ್ಕೋ ಮೂರಕ್ಕೋ ನಾನು ಅಲ್ಲೇ ತಳದಾಗೆ ಉಳ್ಕೊಂಡ್ರೆ, ಆಗ ಯಾರು ಮುಚ್ತಾರೆ? ಕಂಬ ಮಾಡಿಸ್ಕೊಡಿ ಅಂತ ಇಪ್ಪತ್ತು ವರ್ಸ ಕೇಳ್ದೆ, ಒಬ್ರಾದ್ರೂ ನನ್ ಜತೆ ಬಂದ್ರಾ?” ಅವನು ಕೈ ಚಾಚಿ ಕಚೇರಿಯ ದಿಕ್ಕು ತೋರಿಸಿದ. “ಕೂತ್ಕಬೇಕು ಅಂದ್ರೆ ಕೂತ್ಕಳಿ. ನನ್ ಬಾಗ್ಲಾಗಲ್ಲ, ಕಚೇರಿ ಬಾಗ್ಲಾಗೆ.”

ಅಣ್ಣಯ್ಯಪ್ಪ ತಲೆ ತಗ್ಗಿಸಿದ. ಆಮೇಲೆ ಟವಲನ್ನು ಕೊಡವಿ ಹೆಗಲಿಗೆ ಹಾಕಿ, “ನಡೀರ್ಲಾ” ಎಂದ. ನಲವತ್ತು ಜನ ಕಚೇರಿಯ ಬಾಗಿಲಿಗೆ ಹೋಗಿ ಕೂತರು. ಸಂಜೆಯೊಳಗೆ ನಲವತ್ತು ನೂರಾಯಿತು. ಅಂಜಮ್ಮ ಒಲೆ ಹೂಡಿ ಅಲ್ಲೇ ಗಂಜಿ ಕಾಯಿಸಿದಳು. ಒಳಗೆ ಇರಲೂ ಆಗದೆ ಹೊರಗೆ ಬರಲೂ ಆಗದೆ ಪಳನಿಯಪ್ಪನ್ ಮೊದಲ ಸಲ ಕೋಟು ತೆಗೆದ.

ಆರನೆಯ ದಿನ ಸೇಲಂನಿಂದ ಮೋಟಾರು ಬಂತು. ದೊರೆ ಇಳಿದು ನೆಟ್ಟಗೆ ಏರಿಗೆ ಹೋದ, ಅರ್ಧಕ್ಕಿಳಿದ ಕೆರೆಯನ್ನು ನೋಡಿದ, ಚಿಕ್ಕಮುನಿಯಪ್ಪನನ್ನು ಕರೆಸಿದ. ಅವನು ಗೂಟ ಹೊತ್ತುಕೊಂಡೇ ಬಂದ.

“ನಿನಗೆ ಅರೆಪಡಿ ಬರೆದುಕೊಡ್ತೀನಿ, ಇವತ್ತಿನಿಂದಲೇ,” ಎಂದ ದೊರೆ. “ಮುಚ್ಚು.”

ಸೊಣ್ಣಮ್ಮ ಎರಡು ಹೆಜ್ಜೆ ಮುಂದೆ ಬಂದಳು. ಗಂಡಹೆಂಡಿರಿಗೆ ಬೇಕಿದ್ದದ್ದು ಇಷ್ಟೇ. ಚಿಕ್ಕಮುನಿಯಪ್ಪನಿಗೂ ಒಂದು ಗಳಿಗೆ ಸಾಕೆನ್ನಿಸಿತು. ಆದರೆ ದೊರೆಯ ಬೆನ್ನ ಹಿಂದೆ ಅಂಜಮ್ಮ ಸೋತ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳು ಅವನ ಕಡೆ ನೋಡಲೂ ಇಲ್ಲ.

“ನಂಗೊಬ್ನಿಗೆ ಬ್ಯಾಡ ದೊರೆ. ಚಪ್ಪರದಾಗೆ ಒಂದೇ ಕೊಪ್ಪರಿಗೆಯಿಂದ ಏಳು ಜನಾನೂ ಕುಡ್ದಿದ್ದೀವಿ. ಏಳು ಜನಕ್ಕೂ ಬರೀರಿ, ನಮ್ ಇಂದೆ ಬರೋರ್ಗೂ ಬರೀರಿ. ತೂಬಿಗೆ ಕಂಬಾನೂ ಬರೀರಿ.”

“ಮೊದಲು ಮುಚ್ಚು, ಆಮೇಲೆ ನೋಡೋಣ,” ಎಂದು ಪಳನಿಯಪ್ಪನ್ ನಡುವೆ ಬಾಯಿ ಹಾಕಿದ.

ಚಿಕ್ಕಮುನಿಯಪ್ಪ ಗೂಟವನ್ನು ಏರಿಯ ಮೇಲಿಟ್ಟು ಮತ್ತೆ ಅದರ ಮೇಲೆ ಕೂತ. ಅವನ ಹಿಂದೆ ಅಣ್ಣಯ್ಯಪ್ಪ ಕೂತ. ಒಬ್ಬೊಬ್ಬರಾಗಿ ಊರೇ ಏರಿಯ ಉದ್ದಕ್ಕೂ ಕೂತಿತು. ದೊರೆ ಕೂತವರನ್ನು ನೋಡಿದ, ಹರಿದು ಹೋಗುತ್ತಿದ್ದ ತನ್ನ ನೀರನ್ನು ನೋಡಿದ. ಅರ್ಧ ಗಂಟೆ ಯಾರೂ ಏಳಲಿಲ್ಲ. ಕೊನೆಗೆ ಮೋಟಾರಿನ ಮೂತಿಯ ಮೇಲೆ ಕಾಗದ ಇಟ್ಟು ಬರೆದು ಮೊಹರು ಹಾಕಿದ. ಅಯ್ಯನವರು ಅದನ್ನು ಗಟ್ಟಿಯಾಗಿ ಓದಿದರು. ಒಂದು ಸುತ್ತು ದುಡಿದವರಿಗೆ ಅರೆಪಡಿ, ಇಂದಿನವರಿಗೂ ಮುಂದಿನವರಿಗೂ, ತೂಬಿಗೆ ಕಂಬ. ಪ್ರತಿಯೊಂದು ಮಾತನ್ನೂ ಚಿಕ್ಕಮುನಿಯಪ್ಪ ಬಲಗಿವಿಗೆ ಕೈ ಒಡ್ಡಿ ಕೇಳಿಸಿಕೊಂಡ.

“ಬ್ಯಾಡ ಕಣಯ್ಯಾ,” ಎಂದಳು ಸೊಣ್ಣಮ್ಮ ಮೆಲ್ಲಗೆ. “ಬರ್ದಾಯ್ತಲ್ಲ. ಕಂಬ ಬರ್ಲಿ.”

“ಕಂಬ ಬರೋಸ್ಟ್ರಲ್ಲಿ ಕೆರೆ ಇರಲ್ಲ ಕಣೇ. ಇದು ಅವ್ರ ಕೆಲ್ಸ ಅಲ್ಲ, ನನ್ದು.”

ಗೂಟದೊಂದಿಗೆ ಇಳಿದ. ನೀರು ಕಮ್ಮಿಯಾಗಿತ್ತು, ಸೆಳೆತ ಕಮ್ಮಿಯಾಗಿರಲಿಲ್ಲ. ಕತ್ತಲಲ್ಲಿ ಕಾಲಿನಿಂದ ಚಪ್ಪಡಿಯ ಅಂಚು ಹುಡುಕಿ, ಹಿಮ್ಮಡಿ ಊರಿ, ಗೂಟವನ್ನು ತೂತಿನ ಮೇಲೆ ತಂದ. ನೀರು ಅದನ್ನು ಅವನ ಕೈಯಿಂದ ಕಸಿದುಕೊಂಡು ಓರೆಯಾಗಿ ಕೂರಿಸಿತು. ಅವನಿಗೆ ಕೆಂಡದಂಥ ಸಿಟ್ಟು ಬಂತು. ಅರವತ್ತು ವರ್ಷದ ಸಿಟ್ಟು. ಎರಡೂ ತೋಳು ತಬ್ಬಿ ಕಿತ್ತು, ನೆಟ್ಟಗೆ ಮಾಡಿ, ಎದೆಯಿಂದಲೇ ಒತ್ತಿದ. ಗೂಟ ಕೂತಿತು. ಅದೇ ಗಳಿಗೆಯಲ್ಲಿ ತಲೆಯ ಬಲಗಡೆ ಪಟ್ಟೆಂದಿತು.

ಮೇಲೆ ಬಂದಾಗ ಬಿಸಿಲಿತ್ತು. ಜನ ಕೈಯೆತ್ತಿ ಕುಣಿಯುತ್ತಿದ್ದರು, ಬಾಯಿ ತೆರೆದು ಮುಚ್ಚುತ್ತಿದ್ದರು. ಕಾಲುವೆ ನಿಂತಿತ್ತು. ಅಣ್ಣಯ್ಯಪ್ಪ ಅವನನ್ನು ದಡಕ್ಕೆ ಎಳೆದುಕೊಂಡ. ಸೊಣ್ಣಮ್ಮ ಸೆರಗಿನಿಂದ ಅವನ ಕುತ್ತಿಗೆ ಒರೆಸಿದಳು, ಸೆರಗು ಕೆಂಪಾಯಿತು. ಅವಳು ಅವನ ಮುಖವನ್ನೇ ನೋಡಿದಳು. ಅವನು ಇಲ್ಲ ಎನ್ನುವಂತೆ ತಲೆಯಾಡಿಸಿದ.

ಅಷ್ಟರಲ್ಲಿ ಪಳನಿಯಪ್ಪನ್ ಹತ್ತಿರ ಬಂದು, ನಗುತ್ತ ಅವನ ಹೆಗಲು ತಟ್ಟಿ ಏನೋ ಹೇಳಿದ. ಹೇಳಿದ್ದಿಷ್ಟು: “ಅರವತ್ತರಲ್ಲಿ ಎಂಥಾ ಮುಳುಗಯ್ಯಾ! ಇನ್ನೂ ಐದು ವರ್ಷ ಧಾರಾಳವಾಗಿ ಮಾಡಬಹುದಿತ್ತಲ್ಲ, ಏನಂತೀಯಾ?”

ಸೊಣ್ಣಮ್ಮ ಎದ್ದು ನಿಂತಳು. ಕಣ್ಣಲ್ಲಿ ನೀರು ಹರಿಯುತ್ತಿತ್ತು, ದನಿ ಮಾತ್ರ ಏರಿಯ ಆ ತುದಿಗೂ ಕೇಳುವಂತಿತ್ತು. “ಅವ್ನಿಗೆ ಅರವತ್ತಾಗೈತೆ ಸಾಮಿ. ಇನ್ಮ್ಯಾಲೆ ನೀವು ಯೋಳಿದ್ದು ಅವ್ನು ಕೇಳಬೇಕಾಗಿಲ್ಲ. ಯೋಳೋದೇನಾರ ಇದ್ರೆ ನಂಗೆ ಯೋಳಿ, ನಂಗಿನ್ನೂ ಐವತ್ತು!”

ಏರಿಯೆಲ್ಲ ಗೊಳ್ಳೆಂದಿತು. ದೊರೆ ಕೂಡ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದ. ಪಳನಿಯಪ್ಪನ್ ಕೊಡೆ ಬಿಚ್ಚಿಕೊಂಡು ಮೋಟಾರಿನ ಕಡೆ ನಡೆದ. ಚಿಕ್ಕಮುನಿಯಪ್ಪ ಹೆಂಡತಿಯ ಎತ್ತಿದ ಕೈಯನ್ನೂ ನಗುವ ಊರನ್ನೂ ನೋಡಿದ, ಒಂದು ಸದ್ದೂ ಕೇಳಿಸದೆ. ಆಮೇಲೆ ಅವನೂ ಜೋರಾಗಿ ನಕ್ಕ.